ತೆರೆಯ ಮುಂದಣ ಕಾಯಕ



ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲವೆಂಬ ಮಾತನ್ನು ಹನ್ನೆರಡನೆಯ ಶತಮಾನದ ಶರಣರು ಹೇಳಿ ಸುಮ್ಮನಾಗದೆ ಬಾಳಿ ತೋರಿಸಿದರು. ಹಗ್ಗ ಹೊಸೆದ ನುಲಿಯ ಚಂದಯ್ಯ, ಬಿದಿರು ಹೆಣೆದ ಮೇದಾರ ಕೇತಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ, ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಮಾರಯ್ಯ-ಲಕ್ಕಮ್ಮ ದಂಪತಿಗಳು, ಇವರೆಲ್ಲರೂ ಅರಿವಿನ ನೆಲೆಯಲ್ಲಿ ಸಮಾನರಾಗಿ ಕುಳಿತವರು. ಈ ಪರಂಪರೆಯ ಮನೆಗಳಲ್ಲಿ ಹುಟ್ಟಿದ ನಮ್ಮ ಮಕ್ಕಳು ಇಂದು ಗಣಕಯಂತ್ರದ ಉದ್ಯೋಗಗಳಲ್ಲಿದ್ದಾರೆ. ಆದರೆ ಆ ಹೊಸ ಉದ್ಯೋಗದೊಳಗೂ ಹಳೆಯ ಭೇದಭಾವವೊಂದು ವೇಷ ಬದಲಿಸಿ ಬಂದು ಕುಳಿತಿದೆ ಎಂಬುದು ಈಚೆಗೆ ಬಂದ ಒಂದು ಪತ್ರದಿಂದ ನಮ್ಮ ಗಮನಕ್ಕೆ ಬಂದಿತು.

ಪತ್ರ ಬರೆದವರು ರೋಣ-ಗಜೇಂದ್ರಗಡ ಸೀಮೆಯ ಇಟಗಿಯ ಒಬ್ಬ ಹಿರಿಯರು, ಒಕ್ಕಲುತನದ ಮನೆತನದವರು. ಅವರ ಮಗ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎಂಟು ವರ್ಷಗಳಿಂದ ಪ್ರೋಗ್ರಾಮರ್ ಆಗಿದ್ದಾನೆ. ಇದುವರೆಗೆ ಆತನ ಕೆಲಸ ತೆರೆಯ ಹಿಂದಿನದು: ಲೆಕ್ಕ ಮಾಡುವುದು, ಮಾಹಿತಿಯನ್ನು ಸಂಗ್ರಹಿಸಿಡುವುದು, ಕೇಳಿದಾಗ ಹುಡುಕಿ ಕೊಡುವುದು. ಈಗ ಆತನಿಗೆ ತೆರೆಯ ಮುಂದಿನ ಕೆಲಸವನ್ನೂ, ಎಂದರೆ ಫ್ರಂಟ್ ಎಂಡ್ ಮತ್ತು ವಿನ್ಯಾಸವನ್ನೂ ಕಲಿಯಬೇಕೆಂದು ಆಜ್ಞೆಯಾಗಿದೆ. ಕಲಿಯದಿದ್ದರೆ ಉದ್ಯೋಗ ಉಳಿಯುವುದೋ ಇಲ್ಲವೋ ಎಂಬ ಭಯ ಒಂದೆಡೆ. ಇದು ಬಣ್ಣ ಬಳಿಯುವ ಕೆಲಸ, ಕೆಳಗಿನ ಮೆಟ್ಟಿಲು ಎಂಬ ಸಂಕೋಚ ಇನ್ನೊಂದೆಡೆ. ಹಿರಿಯರು ಕೇಳಿದ ಪ್ರಶ್ನೆಗಳು ಎರಡು. ಇದು ಹಿಂಬಡ್ತಿಯೇ? ಕಲೆಯ ಕಣ್ಣಿಲ್ಲದವನು ಮೂವತ್ತು ದಾಟಿದ ಮೇಲೆ ಇದನ್ನು ಕಲಿಯಬಲ್ಲನೇ? ಇಂಥ ಚಿಂತೆ ಅನೇಕ ಮನೆಗಳಲ್ಲಿರುವುದರಿಂದ ಉತ್ತರವನ್ನು ಈ ಅಂಕಣದಲ್ಲಿಯೇ ಬರೆಯುತ್ತಿದ್ದೇವೆ. ಆ ಯುವಕನಿಂದಲೂ ಈ ವಿದ್ಯೆ ಬಲ್ಲ ಇತರರಿಂದಲೂ ಕೇಳಿ ತಿಳಿದು, ಓದಿ ಖಚಿತಪಡಿಸಿಕೊಂಡ ಸಂಗತಿಗಳನ್ನೇ ಇಲ್ಲಿ ಹೇಳುತ್ತೇವೆ.

ಮೊದಲು, ಒಳಗಿನ ಕೆಲಸವೆಂದರೇನು, ಹೊರಗಿನ ಕೆಲಸವೆಂದರೇನು ಎಂಬುದನ್ನು ನಮ್ಮ ತಾಯಂದಿರಿಗೂ ತಿಳಿಯುವಂತೆ ನೋಡೋಣ. ರೈತನೊಬ್ಬನು ಮೊಬೈಲಿನಲ್ಲಿ ತನ್ನ ಹೊಲದ ಪಹಣಿಯನ್ನು ನೋಡಬಯಸುತ್ತಾನೆ. ಸರ್ವೆ ನಂಬರನ್ನು ತುಂಬುವ ಚೌಕ, ಒತ್ತುವ ಗುಂಡಿ, ತೆರೆಯ ಮೇಲೆ ಮೂಡುವ ಅಕ್ಷರಗಳು, ಇವೆಲ್ಲ ಹೊರಗಿನವು. ಲಕ್ಷಾಂತರ ದಾಖಲೆಗಳ ನಡುವಿನಿಂದ ಅವನದೊಂದನ್ನೇ ಹುಡುಕಿ ಕಳುಹಿಸುವ ವ್ಯವಸ್ಥೆ ಒಳಗಿನದು. ನಮ್ಮ ಸೀಮೆಗೆ ಸಮೀಪದ ಇಳಕಲ್ಲಿನ ಸೀರೆಯನ್ನು ನೆನೆಯಿರಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಬಹುದು. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವ ಕೌಶಲಕ್ಕೆ ನೇಕಾರರು ಕೊಂಡಿ ಎನ್ನುತ್ತಾರೆ. ಒಡಲು ಎಷ್ಟೇ ಗಟ್ಟಿಯಾಗಿರಲಿ, ಕೊಂಡಿ ಸಡಿಲವಾದರೆ ಸೀರೆ ನಿಲ್ಲದು. ಒಡಲು ಬಲ್ಲ ನೇಕಾರ ಸೆರಗನ್ನೂ ಕಲಿತನೆಂದರೆ ಅವನು ಕೆಳಗಿಳಿದನೆಂದು ಯಾರೂ ಹೇಳುವುದಿಲ್ಲ. ಇಡೀ ಸೀರೆಯನ್ನು ಬಲ್ಲವನಾದನೆಂದು ಹೇಳುತ್ತಾರೆ. ಸೆರಗು ಹೊದ್ದುಕೊಂಡವರ ಮೈಮೇಲೆ ಜನರ ಕಣ್ಣಿಗೆ ಮೊದಲು ಬೀಳುವುದಾದರೂ ಅದರ ಬೆಲೆ ಬರಿಯ ಅಲಂಕಾರದ್ದಲ್ಲ. ಮಳೆ ಬಿಸಿಲಿಗೆ ತಲೆಯ ಮೇಲೆ ಬರುವುದೂ ಅದೇ.

ಜಾಲಪುಟದ ಈ ಮುಂಭಾಗಕ್ಕೆ ಮೂರು ಭಾಷೆಗಳಿವೆ. ಬ್ರಿಟನ್ನಿನ ಟಿಮ್ ಬರ್ನರ್ಸ್ ಲೀ ಎಂಬ ವಿಜ್ಞಾನಿ ಜಿನೀವಾದ ಸಮೀಪದ ಸರ್ನ್ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ವಿಶ್ವಜಾಲದ ಯೋಜನೆಯನ್ನು ಮುಂದಿಟ್ಟು, 1991ರಲ್ಲಿ ಅದನ್ನು ಜಗತ್ತಿಗೆ ತೆರೆದರು. ಅವರು ರೂಪಿಸಿದ ಎಚ್.ಟಿ.ಎಂ.ಎಲ್. ಎಂಬುದು ಪುಟದ ಅಸ್ಥಿಪಂಜರ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಪ್ರತಿಯೊಂದು ಭಾಗಕ್ಕೂ ಅದರ ಹೆಸರನ್ನು ಕೊಡುವುದು ಅದರ ಕೆಲಸ. 1994ರಲ್ಲಿ ನಾರ್ವೆಯ ಹೋಕೋನ್ ವಿಯಮ್ ಲೀ ಅವರು ಸಿ.ಎಸ್.ಎಸ್. ಎಂಬ ಎರಡನೆಯದನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದರ ಮೊದಲ ಆವೃತ್ತಿಗೆ ಅಧಿಕೃತ ಮನ್ನಣೆ ದೊರೆಯಿತು. ಬಣ್ಣ, ಅಳತೆ, ಅಂತರ, ಜೋಡಣೆ ಇವೆಲ್ಲ ಅದರ ಅಧೀನ. 1995ರಲ್ಲಿ ಬ್ರೆಂಡನ್ ಐಕ್ ಎಂಬ ಪ್ರೋಗ್ರಾಮರ್ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದಾಗ ಜಾವಾಸ್ಕ್ರಿಪ್ಟ್ ಅನ್ನು ಸೃಷ್ಟಿಸಿದರು. ಒತ್ತಿದರೆ ತೆರೆಯುವ, ತಪ್ಪು ತುಂಬಿದರೆ ಎಚ್ಚರಿಸುವ ಚಲನೆಯೆಲ್ಲ ಅದರದು. ಎಲುಬು, ಚರ್ಮ, ಸ್ನಾಯು ಎಂದು ಈ ಮೂರನ್ನು ನೆನಪಿಟ್ಟುಕೊಳ್ಳಬಹುದು. ಒಳಗಿನ ಕೆಲಸ ಬಲ್ಲ ಪ್ರೋಗ್ರಾಮರನಿಗೆ ಮೂರನೆಯದು ಬಹುಮಟ್ಟಿಗೆ ಪರಿಚಿತ ನೆಲ. ಮೊದಲನೆಯದನ್ನು ಅವನು ಸುಲಭವೆಂದು ತಾತ್ಸಾರ ಮಾಡುತ್ತಾನೆ. ಎರಡನೆಯದರಲ್ಲಿ ಕಾಲು ಹೂಳುತ್ತದೆ.

ರೂಪಕ್ಕೆ ಇಷ್ಟು ಮಹತ್ವ ಏಕೆ, ಅರ್ಥವಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಮಠದ ಪಾಠಶಾಲೆಯಲ್ಲಿ ತಾಡೋಲೆಗಳನ್ನು ಓದಲು ಕಲಿತ ನಮಗೆ ಈ ಪ್ರಶ್ನೆಯ ಉತ್ತರ ಕೈಬೆರಳುಗಳಿಗೇ ಗೊತ್ತಿದೆ. ಓಲೆಗರಿಯಲ್ಲಿ ಪದದಿಂದ ಪದಕ್ಕೆ ಜಾಗವಿಲ್ಲ, ಅಲ್ಪವಿರಾಮವಿಲ್ಲ, ಪರಿಚ್ಛೇದವಿಲ್ಲ. ಗರಿಯ ಅಂಚಿನಿಂದ ಅಂಚಿಗೆ ಅಕ್ಷರಗಳು ಇರುವೆಯ ಸಾಲಿನಂತೆ ಸಾಗುತ್ತವೆ. ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು ಎಂಬ ಭಾರವೆಲ್ಲ ಓದುವವನ ಮೇಲೆ. ಆ ಭಾರವನ್ನು ಹೊರಬಲ್ಲವರು ಗುರುಮುಖದಿಂದ ಕಲಿತ ಕೆಲವರು ಮಾತ್ರ. ಮುದ್ರಣ ಬಂದು ಪದಗಳ ನಡುವೆ ಜಾಗ ಬಿಟ್ಟು, ಸಾಲುಗಳನ್ನು ಒಡೆದು, ವಿರಾಮಚಿಹ್ನೆಗಳನ್ನು ಹಾಕಿದ ಮೇಲೆ ಅದೇ ವಚನ ಹೊಲದಿಂದ ಬಂದ ರೈತನಿಗೂ ಓದಲು ದಕ್ಕಿತು. ವಚನದ ಅರ್ಥ ಬದಲಾಗಲಿಲ್ಲ. ಅದನ್ನು ತಲುಪುವವರ ಸಂಖ್ಯೆ ಬದಲಾಯಿತು. ವಿನ್ಯಾಸವೆಂದರೆ ಮೂಲತಃ ಇಷ್ಟೇ: ಓದುವವನ ತಲೆಯ ಮೇಲಿನ ಹೊರೆಯನ್ನು ಬರೆಯುವವನು ತನ್ನ ತಲೆಗೆ ಎತ್ತಿಕೊಳ್ಳುವುದು.

ಈ ಹೊರೆಯನ್ನು ಎತ್ತಿಕೊಂಡ ಮಹನೀಯರು ನಮ್ಮಲ್ಲಿಯೇ ಇದ್ದಾರೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಅಡಗಿದ್ದ ಓಲೆಗರಿಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸಿದರು. ಅದು ಒಳಗಿನ ಕೆಲಸ. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂದಿತು. ಅಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದು ಅವರು ಕುಳಿತುಕೊಳ್ಳಲಿಲ್ಲ. ಜನರ ಕೈಗೆ ಅಕ್ಷರವನ್ನು ಮುಟ್ಟಿಸುವ ಸಲುವಾಗಿ ಹಿತಚಿಂತಕ ಮುದ್ರಣಾಲಯವನ್ನು ತಾವೇ ನಡೆಸಿದರು; 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ನಲವತ್ತು ದಾಟಿದ ವಕೀಲರೊಬ್ಬರು ಅಚ್ಚಿನ ಮೊಳೆ, ಕಾಗದ, ಕರಡುತಿದ್ದುಗಳ ಲೋಕಕ್ಕೆ ಇಳಿದದ್ದನ್ನು ನಾವು ಹಿಂಬಡ್ತಿ ಎನ್ನುತ್ತೇವೆಯೇ? ವಚನಪಿತಾಮಹರೆಂದು ಕೈಮುಗಿಯುತ್ತೇವೆ.

ಇನ್ನು ಪ್ರೋಗ್ರಾಮರನಿಗೆ ಈ ವಿದ್ಯೆ ಏಕೆ ಕಷ್ಟವೆನಿಸುತ್ತದೆ ಎಂಬುದನ್ನು ವಿಚಾರಿಸಬೇಕು. ಒಳಗಿನ ಕೆಲಸದಲ್ಲಿ ಸರಿ ತಪ್ಪು ಸ್ಪಷ್ಟ. ಲೆಕ್ಕ ತಪ್ಪಿದರೆ ಯಂತ್ರವೇ ಕೂಗಿ ಹೇಳುತ್ತದೆ. ಸಿ.ಎಸ್.ಎಸ್.ನಲ್ಲಿ ತಪ್ಪು ಬರೆದರೆ ಬ್ರೌಸರ್ ಆ ಸಾಲನ್ನು ಮೌನವಾಗಿ ಬಿಟ್ಟು ಮುಂದೆ ಹೋಗುತ್ತದೆ. ಬರೆದವನಿಗೆ ದೂರು ಬರುವುದಿಲ್ಲ. ಎರಡನೆಯದಾಗಿ, ಒಳಗಿನ ಪ್ರೋಗ್ರಾಮು ಓಡುವ ಯಂತ್ರ ಯಾವುದೆಂದು ಅವನಿಗೆ ಗೊತ್ತಿರುತ್ತದೆ. ಹೊರಗಿನ ಪುಟ ಮಾತ್ರ ಯಾರ ಕೈಯಲ್ಲಿ, ಯಾವ ಅಳತೆಯ ತೆರೆಯಲ್ಲಿ, ಎಂಥ ಬೆಳಕಿನಲ್ಲಿ ತೆರೆಯುವುದೋ ಹೇಳಲಾಗದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಇಲ್ಲಿ ಪರೀಕ್ಷಕನು ಯಂತ್ರವಲ್ಲ, ಮನುಷ್ಯ. ತಾನು ಮಾಡಿದ್ದು ಸರಿಯೆಂದು ಪ್ರೋಗ್ರಾಮರ್ ಎಷ್ಟು ವಾದಿಸಿದರೂ ನೋಡುವವನಿಗೆ ತಿಳಿಯದಿದ್ದರೆ ಅದು ತಿಳಿಯಲಿಲ್ಲ, ಅಷ್ಟೇ. ತರ್ಕದಲ್ಲಿ ಗೆದ್ದು ಅಭ್ಯಾಸವಾದವನಿಗೆ ಇದು ಅಹಂಕಾರಕ್ಕೆ ಬೀಳುವ ಪೆಟ್ಟು. ಆದ್ದರಿಂದಲೇ ಈ ವಿದ್ಯೆಯಲ್ಲಿ ಕುಶಲತೆಗಿಂತ ಮೊದಲು ಕಲಿಯಬೇಕಾದದ್ದು ವಿನಯ. ಕಲೆಯ ಕಣ್ಣು ಹುಟ್ಟಿನಿಂದ ಬರಬೇಕೆಂಬ ಮಾತು ಚಿತ್ರಕಾರನಿಗೆ ಒಪ್ಪಿದರೂ ಒಪ್ಪೀತು. ಪುಟ ಕಟ್ಟುವವನಿಗೆ ಬೇಕಾದ ಕಣ್ಣು ಇನ್ನೊಬ್ಬರ ಕಷ್ಟವನ್ನು ಕಾಣುವ ಕಣ್ಣು. ಅದು ಅಭ್ಯಾಸದಿಂದ ಬರುತ್ತದೆ.

ಇಟಗಿಯ ಆ ಯುವಕ ರಜೆಯಲ್ಲಿ ಊರಿಗೆ ಬಂದಾಗ ಅಭ್ಯಾಸಕ್ಕಾಗಿ ತನ್ನೂರಿನ ಬಗೆಗೇ ಒಂದು ಪುಟವನ್ನು ಕಟ್ಟಿದ. ಭೀಮಾಂಬಿಕಾದೇವಿಯ ಸನ್ನಿಧಿಗೆ ಬರುವ ಭಕ್ತರಿಗೆ ಅನುಕೂಲವಾಗಲೆಂಬುದು ಉದ್ದೇಶ. ಮೊದಲ ರೂಪವನ್ನು ಲ್ಯಾಪ್‌ಟಾಪಿನ ದೊಡ್ಡ ತೆರೆಯ ಮೇಲೆ ತೋರಿಸಿದಾಗ ನೋಡಲು ಸೊಗಸಾಗಿತ್ತು. ತೆರೆತುಂಬ ಗುಡಿಯ ಚಿತ್ರ, ಅದರ ಮೇಲೆ ತಿಳಿಬಣ್ಣದ ತೆಳು ಅಕ್ಷರ, ಚಿತ್ರಗಳು ತಾವಾಗಿ ಸರಿಯುವ ಏರ್ಪಾಟು. ಮನೆಯ ಹಿರಿಯ ಅಜ್ಜಿ ಮೊಬೈಲಿನಲ್ಲಿ ಅದನ್ನೇ ನೋಡಿ ಕೇಳಿದ ಮಾತು ಇದು: "ತಮ್ಮಾ, ಗುಡಿ ಚಿತ್ರ ಛಂದ ಐತಿ. ಬಸ್ಸು ಎಷ್ಟಕ್ಕ ಬರತೈತಿ, ಪ್ರಸಾದ ಯಾವಾಗ ಅನ್ನೂದು ಎಲ್ಲಿ ಬರದೀ?" ಬರೆದಿದ್ದ, ನಿಜ, ಮೂರು ಸಲ ಬೆರಳು ಸರಿಸಿದ ಮೇಲೆ, ಕೊನೆಯಲ್ಲಿ, ಬೂದುಬಣ್ಣದಲ್ಲಿ. ಆ ಒಂದು ಪ್ರಶ್ನೆಯಲ್ಲಿ ವಿನ್ಯಾಸಶಾಸ್ತ್ರದ ಅರ್ಧಭಾಗವಿದೆ. ಬರುವವನು ಏನನ್ನು ಕೇಳಿಕೊಂಡು ಬರುತ್ತಾನೋ ಅದು ಮೊದಲು ಕಾಣಬೇಕು.

ನಾವು ಇನ್ನೊಂದನ್ನು ನೆನಪಿಸಿದೆವು. ಇಟಗಿ ಎಂಬ ಹೆಸರಿನ ಊರು ಇದೊಂದೇ ಅಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ, 'ದೇವಾಲಯ ಚಕ್ರವರ್ತಿ' ಎಂದು ಶಾಸನದಲ್ಲಿ ಹೊಗಳಿಸಿಕೊಂಡ ಮಹಾದೇವ ದೇವಾಲಯವಿದೆ. ದೂರದೂರಿನ ಭಕ್ತರು ಹೆಸರನ್ನು ನಂಬಿ ಒಂದು ಇಟಗಿಗೆ ಹೊರಟು ಇನ್ನೊಂದಕ್ಕೆ ತಲುಪುವ ಸಂಭವವುಂಟು. ಆದ್ದರಿಂದ ಆ ಪುಟದ ಮೊದಲ ಸಾಲಿನಲ್ಲಿಯೇ ಇದು ಗದಗ ಜಿಲ್ಲೆಯ, ಗಜೇಂದ್ರಗಡ ಬಳಿಯ, ಭೀಮಾಂಬಿಕೆಯ ಇಟಗಿ ಎಂದು ಸ್ಪಷ್ಟಪಡಿಸಬೇಕೆಂದು ಹೇಳಿದೆವು. ಮರುದಿನ ಆತ ಮತ್ತೆ ತೋರಿಸಿದ. ಮೇಲೆ ಊರಿನ ಗುರುತು, ಅದರ ಕೆಳಗೆ ಬಸ್ಸು, ಪ್ರಸಾದ, ದರ್ಶನದ ಹೊತ್ತು. ಅದಾದ ಮೇಲೆ ಚಿತ್ರ ಮತ್ತು ಚರಿತ್ರೆ. ಒಂದು ಸಾಲಿನಷ್ಟೂ ಹೊಸ ಪ್ರೋಗ್ರಾಮು ಬೇಕಾಗಿರಲಿಲ್ಲ. ಕ್ರಮ ಬದಲಾಗಿತ್ತು.

ಬೆಳಕಿನ ವಿಷಯಕ್ಕೂ ಶಾಸ್ತ್ರವಿದೆ. ಬಿರುಬಿಸಿಲಿನಲ್ಲಿ, ಬಸ್ ನಿಲ್ದಾಣದಲ್ಲಿ ನಿಂತು ಓದುವವನಿಗೆ ಬಿಳಿಯ ಮೇಲಿನ ತಿಳಿಬೂದು ಅಕ್ಷರ ಕಾಣುವುದಿಲ್ಲ. ಅಂತರಜಾಲದ ನಿಯಮಗಳನ್ನು ರೂಪಿಸುವ ಸಂಸ್ಥೆಯು 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕಡಿಮೆಯೆಂದರೆ 4.5ಕ್ಕೆ 1ರ ಪ್ರಮಾಣದ ಬೆಳಕಿನ ವ್ಯತ್ಯಾಸವಿರಬೇಕು. ಅಚ್ಚ ಬಿಳಿಯ ಮೇಲಿನ ಅಚ್ಚ ಕಪ್ಪಿಗೆ ಇದು 21ಕ್ಕೆ 1. ಅಂದವೋ ಅಂದಗೇಡೋ ಎಂಬ ವಾದ ಇಲ್ಲಿಗೆ ಬೇಕಿಲ್ಲ, ಅಳೆದು ನೋಡಿದರಾಯಿತು. ಇದು ಪ್ರೋಗ್ರಾಮರನಿಗೆ ಸಮಾಧಾನದ ಸಂಗತಿ, ವಿನ್ಯಾಸದ ಎಷ್ಟೋ ಭಾಗ ಅಳತೆಗೆ ಸಿಕ್ಕುವಂಥದು. ಹಾಗೆಯೇ 2010ರಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಒಂದೇ ಪುಟ ತೆರೆಯ ಅಗಲಕ್ಕೆ ತಕ್ಕಂತೆ ಮೈ ಬದಲಿಸಿಕೊಳ್ಳಬೇಕೆಂಬ ಕ್ರಮವನ್ನು ಹೆಸರಿಟ್ಟು ವಿವರಿಸಿದರು. ನೀರು ಹಾಕಿದ ಪಾತ್ರೆಯ ಆಕಾರವನ್ನು ತಾಳುವಂತೆ ಪುಟವೂ ತಾಳಬೇಕು. ಕಲಿಯುವವನು ಮೊದಲು ಮೊಬೈಲಿನ ಕಿರಿದಾದ ತೆರೆಗೆ ಕಟ್ಟಿ, ಆಮೇಲೆ ದೊಡ್ಡದಕ್ಕೆ ಹರಡುವುದು ಮೇಲು. ಕಿರಿದರಲ್ಲಿ ಅನಾವಶ್ಯಕವಾದುದಕ್ಕೆ ಜಾಗವೇ ಇರುವುದಿಲ್ಲ.

ಕನ್ನಡದಲ್ಲಿ ಪುಟ ಕಟ್ಟುವವನಿಗೆ ಮಾತ್ರ ಎದುರಾಗುವ ಕೆಲವು ಸೂಕ್ಷ್ಮಗಳಿವೆ. ಕನ್ನಡವನ್ನು ಗಣಕಕ್ಕೆ ಇಳಿಸಲು ಕೆ.ಪಿ. ರಾವ್ ಅವರಂಥ ಹಿರಿಯರು ಕೀಲಿಮಣೆಯ ವಿನ್ಯಾಸದಿಂದಲೇ ದುಡಿದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ 128 ಮನೆಗಳನ್ನು ಕಾದಿರಿಸಲಾಗಿತ್ತಾದರೂ ಅದು ಮನೆಮನೆಯ ಯಂತ್ರಗಳಿಗೆ ಬಂದು ನೆಲೆಸಲು ವರ್ಷಗಳೇ ಬೇಕಾದವು. ಈಗ 'ರಾಷ್ಟ್ರ' ಎಂಬ ಪದವನ್ನೇ ನೋಡಿ. ಓದುಗನಿಗೆ ಎರಡು ಅಕ್ಷರ. ಗಣಕಕ್ಕೆ ಏಳು ಸಂಕೇತ. ಜಾಗ ಸಾಲದೆಂದು ನಾಲ್ಕು ಸಂಕೇತಗಳಿಗೆ ಕತ್ತರಿಸುವ ಪ್ರೋಗ್ರಾಮು ಬರೆದರೆ ತೆರೆಯ ಮೇಲೆ 'ರಾಷ್' ಎಂಬ ಅರ್ಥವಿಲ್ಲದ ತುಂಡು ಉಳಿಯುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಕಲಿತವನಿಗೆ ಇದು ಹೊಳೆಯುವುದೇ ಇಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಒತ್ತಿನ ಕೆಳಗೆ ಇನ್ನೊಂದು ಒತ್ತೂ ಬರಬಹುದು. ಆದ್ದರಿಂದ ಸಾಲುಗಳ ನಡುವಣ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು; ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಓರೆ ಅಕ್ಷರ ಕನ್ನಡದ ಸಂಪ್ರದಾಯವಲ್ಲ. ಒತ್ತು ಕೊಡಬೇಕಾದ ಪದವನ್ನು ದಪ್ಪವಾಗಿಸಿದರೆ ಸಾಕು. ಪುಟದ ಭಾಷೆ ಕನ್ನಡವೆಂದು ಎಚ್.ಟಿ.ಎಂ.ಎಲ್.ನಲ್ಲಿ ಒಂದು ಚಿಕ್ಕ ಗುರುತನ್ನು ಹಾಕುವುದನ್ನೂ ಮರೆಯಬಾರದು. ಅದು ಕಣ್ಣಿಗೆ ಕಾಣದು. ಆದರೆ ಓದಿ ಹೇಳುವ ಯಂತ್ರಕ್ಕೆ ಅದೇ ದಾರಿದೀಪ.

ಓದಿ ಹೇಳುವ ಯಂತ್ರವೆಂದೆವು. ಗದಗಿನ ಭಾಗದಲ್ಲಿ ಹುಟ್ಟಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳು ನಾದದ ಮೂಲಕ ಲೋಕವನ್ನು ಕಂಡರು. ಸ್ವತಃ ಗುರುಗಳಿಬ್ಬರೂ ಅಂಧರು. ಇಂದು ಕಣ್ಣು ಕಾಣದವರು ಮೊಬೈಲಿನ ತೆರೆಯನ್ನು ಕಿವಿಯಿಂದ ಓದುತ್ತಾರೆ. ಅದಕ್ಕೊಂದು ತಂತ್ರಾಂಶವಿದ್ದು, ಅದು ಪುಟದ ಎಚ್.ಟಿ.ಎಂ.ಎಲ್. ಅನ್ನು ಆಧರಿಸಿ ಶೀರ್ಷಿಕೆ, ಕೊಂಡಿ, ಗುಂಡಿ ಎಂದು ಹೇಳುತ್ತಾ ಹೋಗುತ್ತದೆ. ಪುಟ ಕಟ್ಟಿದವನು ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಗುರುತಿಸದೆ ಅಕ್ಷರವನ್ನು ದೊಡ್ಡದು ಮಾತ್ರ ಮಾಡಿದ್ದರೆ, ಚಿತ್ರಕ್ಕೆ ವಿವರಣೆಯ ಸಾಲನ್ನು ಬರೆಯದಿದ್ದರೆ, ತುಂಬುವ ಚೌಕಕ್ಕೆ ಹೆಸರನ್ನು ಜೋಡಿಸದಿದ್ದರೆ, ಕಣ್ಣಿದ್ದವರಿಗೆ ಯಾವ ಕೊರತೆಯೂ ತೋರುವುದಿಲ್ಲ. ಕಣ್ಣಿಲ್ಲದವನು ಮಾತ್ರ ಬಾಗಿಲಿಲ್ಲದ ಗೋಡೆಯ ಮುಂದೆ ನಿಲ್ಲುತ್ತಾನೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಮಾಹಿತಿ ತಂತ್ರಜ್ಞಾನವೂ ಎಲ್ಲರಿಗೂ ಎಟುಕುವಂತಿರಬೇಕೆಂದು ಹೇಳುತ್ತದೆ. ಕಾಯಿದೆ ಹೇಳದಿದ್ದರೂ ದಾಸೋಹದ ಮನೆಯವರು ನಾವು. ಪಂಕ್ತಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಎಲೆ ಹಾಕದೆ ಮುಂದೆ ಹೋಗುವುದು ನಮ್ಮ ಪದ್ಧತಿಯಲ್ಲ.

ಈ ವಿದ್ಯೆಗೆ ಒಂದು ಕರಿನೆರಳೂ ಇದೆ. ಅದನ್ನು ಮುಚ್ಚಿಡಬಾರದು. ನೋಡುವವನ ಕಣ್ಣು ಎಲ್ಲಿ ಹೋಗುತ್ತದೆ, ಬೆರಳು ಎಲ್ಲಿ ಒತ್ತುತ್ತದೆ ಎಂಬುದನ್ನು ಬಲ್ಲವನು ಅವನನ್ನು ದಾರಿ ತಪ್ಪಿಸಲೂ ಬಲ್ಲ. ಬೇಡವೆನ್ನುವ ಗುಂಡಿಯನ್ನು ಮಸುಕಾಗಿಸಿ ಬೇಕೆನ್ನುವುದನ್ನು ಹೊಳೆಯಿಸುವುದು, ಕೇಳದೆಯೇ ಬಿಲ್ಲಿಗೆ ಇನ್ನೊಂದು ವಸ್ತುವನ್ನು ಸೇರಿಸುವುದು, ಇನ್ನೆರಡೇ ನಿಮಿಷ ಉಳಿದಿದೆಯೆಂದು ಸುಳ್ಳು ಗಡಿಯಾರ ತೋರಿಸುವುದು, ಇವೆಲ್ಲ ಇಂದಿನ ವ್ಯಾಪಾರದಲ್ಲಿವೆ. ಹ್ಯಾರಿ ಬ್ರಿಗ್ನಲ್ ಎಂಬವರು 2010ರಲ್ಲಿ ಇಂಥವುಗಳಿಗೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇವುಗಳಲ್ಲಿ 13 ಬಗೆಗಳನ್ನು ಪಟ್ಟಿಮಾಡಿ ನಿಷೇಧಿಸಿತು. ತಕ್ಕಡಿಯಲ್ಲಿ ಮೋಸ ಮಾಡುವ ಅಂಗಡಿಕಾರನಿಗೂ ಇವರಿಗೂ ಭೇದವೇನು? ಮೇಲಧಿಕಾರಿ ಹೇಳಿದನೆಂದು ಇಂಥ ಪುಟ ಕಟ್ಟುವ ಪ್ರಸಂಗ ನಮ್ಮ ಮಕ್ಕಳಿಗೂ ಬರಬಹುದು. ಆಗ ಅವರು ವಿನಯದಿಂದ, ಆದರೆ ಸ್ಪಷ್ಟವಾಗಿ, ಇದು ಸಲ್ಲದೆಂದು ಹೇಳಬೇಕು. ಕಾನೂನಿನ ಬಲವೂ ಅವರ ಬೆನ್ನಿಗಿದೆ. ಸತ್ಯಶುದ್ಧ ಕಾಯಕವೆಂಬುದಕ್ಕೆ ಈ ಉದ್ಯೋಗದಲ್ಲಿ ಇದಕ್ಕಿಂತ ನೇರವಾದ ಅರ್ಥ ನಮಗೆ ತೋರದು.

ಇನ್ನು ಕಲಿಯುವ ಕ್ರಮ. ಮೊದಲು ಎಚ್.ಟಿ.ಎಂ.ಎಲ್. ಅನ್ನು ತಾತ್ಸಾರವಿಲ್ಲದೆ ಕಲಿಯಬೇಕು. ಯಾವ ಅಲಂಕಾರವೂ ಇಲ್ಲದೆ ಪುಟ ಅರ್ಥವಾಗುವಂತಿದ್ದರೆ ಅಡಿಪಾಯ ಗಟ್ಟಿಯಾಯಿತು. ಎರಡನೆಯದಾಗಿ ಸಿ.ಎಸ್.ಎಸ್.ನಲ್ಲಿ ಅಂತರ, ಸಾಲುಗೂಡಿಕೆ, ಅಕ್ಷರಗಾತ್ರ ಈ ಮೂರನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಬೇಕು. ಬಣ್ಣ ಆಮೇಲೆ. ತಾನು ಮೆಚ್ಚಿದ ಒಂದು ಪುಟವನ್ನು ಎದುರಿಗಿಟ್ಟುಕೊಂಡು ಹಾಗೆಯೇ ಕಟ್ಟಲು ಯತ್ನಿಸುವುದು ಉತ್ತಮ ಸಾಧನೆ. ನಮ್ಮ ಕಾಲದಲ್ಲಿ ಗುರುಗಳು ದುಂಡಾದ ಅಕ್ಷರದ ಮೇಲೆಯೇ ತಿದ್ದಿಸುತ್ತಿದ್ದಂತೆ ಇದು. ಇದಕ್ಕೆ ಹಣವೇ ಬೇಕೆಂದಿಲ್ಲ; ಮೊಜಿಲ್ಲಾ ಸಂಸ್ಥೆಯ ಎಂ.ಡಿ.ಎನ್. ಆಕರವೂ 2014ರಲ್ಲಿ ಆರಂಭವಾದ ಫ್ರೀಕೋಡ್‌ಕ್ಯಾಂಪ್ ಪಾಠಗಳೂ ಉಚಿತವಾಗಿ ದೊರೆಯುತ್ತವೆ. ಮೂರನೆಯದಾಗಿ, ಕಟ್ಟಿದ್ದನ್ನು ಜನರ ಮುಂದಿಡಬೇಕು. ಜೇಕಬ್ ನೀಲ್ಸನ್ ಎಂಬ ತಜ್ಞರು 2000ದಲ್ಲಿ ಬರೆದಂತೆ ಐದು ಜನರಿಗೆ ತೋರಿಸಿದರೆ ಹೆಚ್ಚಿನ ತೊಡಕುಗಳೆಲ್ಲ ಹೊರಬೀಳುತ್ತವೆ. ನಮ್ಮ ಊರಿನ ಕಟ್ಟೆಯ ಮೇಲೆ ಐದು ಜನ ಯಾವಾಗಲೂ ಸಿಕ್ಕುತ್ತಾರೆ. ಅವರ ಕೈಗೆ ಮೊಬೈಲು ಕೊಟ್ಟು ಒಂದು ಕೆಲಸ ಹೇಳಿ, ತಾನು ಬಾಯಿ ಮುಚ್ಚಿಕೊಂಡು ನೋಡುತ್ತ ಕುಳಿತುಕೊಳ್ಳಬೇಕು. ಬಾಯಿ ಮುಚ್ಚುವುದೇ ಇದರಲ್ಲಿ ಕಠಿಣ.

ವಯಸ್ಸಾಯಿತೆಂಬ ಚಿಂತೆಗೆ ಉತ್ತರ ನಮ್ಮ ಮಠಪರಂಪರೆಯಲ್ಲಿಯೇ ಇದೆ. ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಸಂಸ್ಕೃತ ವಿದ್ವಾಂಸರು. ಪೀಠದ ಹೊಣೆಗಳ ನಡುವೆಯೇ ಗಣಕವಿದ್ಯೆಯನ್ನು ಕೈವಶಮಾಡಿಕೊಂಡು ಪಾಣಿನಿಯ ಸೂತ್ರಗಳಿಗೆ 'ಗಣಕಾಷ್ಟಾಧ್ಯಾಯಿ' ಎಂಬ ತಂತ್ರಾಂಶವನ್ನು ರೂಪಿಸಿದರು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಾಹಿತ್ಯ ಇಂದು ಪದ ಬರೆದು ಹುಡುಕಿದರೆ ಮೊಬೈಲಿನಲ್ಲಿ ಸಿಗುವಂತಾಗಿದೆ. 'ವಚನ ಸಂಚಯ'ದಂಥ ಕಾರ್ಯಗಳಲ್ಲಿ ಯುವಕರೂ ಹಿರಿಯ ವಿದ್ವಾಂಸರೂ ಜೊತೆಗೂಡಿ ದುಡಿದಿದ್ದಾರೆ. ಅಲ್ಲಿಯೂ ಒಳಗಿನ ಹುಡುಕಾಟ ಎಷ್ಟು ಬೇಕೋ ಹೊರಗಿನ ಓದುಸುಖವೂ ಅಷ್ಟೇ ಬೇಕು.

ಕೃತಕ ಬುದ್ಧಿಮತ್ತೆಯ ಯಂತ್ರಗಳೇ ಈಗ ಪುಟ ಬರೆದುಕೊಡುತ್ತವಲ್ಲ, ಕಲಿತು ಫಲವೇನು ಎಂಬ ಪ್ರಶ್ನೆಯನ್ನೂ ಆ ಯುವಕ ಎತ್ತಿದ. ಸಾಲುಗಳನ್ನು ಯಂತ್ರ ಬರೆಯಲಿ. ಆ ಪುಟದಲ್ಲಿ ಬಸ್ಸಿನ ಹೊತ್ತು ಮೊದಲು ಬರಬೇಕೋ ಗುಡಿಯ ಚಿತ್ರವೋ ಎಂಬುದನ್ನು ಅಜ್ಜಿಯ ಮುಂದೆ ಕುಳಿತವನು ನಿರ್ಣಯಿಸಬೇಕು. ಯಂತ್ರ ಕೊಟ್ಟದ್ದು ಸರಿಯೋ ತಪ್ಪೋ ಎಂದು ಹೇಳಲು ವಿದ್ಯೆ ಬಲ್ಲವನೇ ಬೇಕು. ಉದ್ಯೋಗ ಖಂಡಿತ ಉಳಿಯುತ್ತದೆಂದು ನಾವು ಭರವಸೆ ಕೊಡಲಾರೆವು. ಒಡಲನ್ನೂ ಸೆರಗನ್ನೂ ಬಲ್ಲವನ ಕೈಗೆ ಕೆಲಸ ದೊರೆಯುವ ದಾರಿಗಳು ಹೆಚ್ಚು ಎಂಬುದನ್ನು ಮಾತ್ರ ಹೇಳಬಲ್ಲೆವು.

ಪತ್ರ ಬರೆದ ಹಿರಿಯರಿಗೆ ನಮ್ಮ ಉತ್ತರವಿಷ್ಟು. ನಿಮ್ಮ ಮಗ ಕೆಳಗಿಳಿಯುತ್ತಿಲ್ಲ, ಹೊಸ್ತಿಲಿನಿಂದ ಅಂಗಳಕ್ಕೆ ಬರುತ್ತಿದ್ದಾನೆ. ಜನ ನಿಂತಿರುವುದು ಅಂಗಳದಲ್ಲಿ. ಆತ ರಾತ್ರಿ ಹೊತ್ತು ಮೀರಿ ಅಭ್ಯಾಸ ಮಾಡುವಾಗ ನೆರೆಹೊರೆಯವರ ಮಾತನ್ನು ಮನೆಯೊಳಗೆ ತರಬೇಡಿ. ಸೊಸೆಯೂ ಅಜ್ಜಿಯೂ ನೀವೂ ಆತ ಕಟ್ಟಿದ್ದನ್ನು ಕೈಗೆತ್ತಿಕೊಂಡು ನೋಡಿ. ತಿಳಿಯದಿದ್ದರೆ ತಿಳಿಯಲಿಲ್ಲವೆಂದು ಸಂಕೋಚವಿಲ್ಲದೆ ಹೇಳಿ. ತಿಳಿಯದಿರುವುದು ನಿಮ್ಮ ದೋಷವಲ್ಲ, ಪುಟದ ದೋಷ. ಆತನಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇರೆಯಿಲ್ಲ. ಇಂಥ ಮಕ್ಕಳಿರುವ ಇತರ ಮನೆಗಳವರೂ ತಮ್ಮೂರಿನ ಗುಡಿ, ಮಠ, ಶಾಲೆಗಳ ಒಂದೊಂದು ಪುಟವನ್ನು ಅವರಿಂದ ಕಟ್ಟಿಸಲಿ. ಕಲಿತ ವಿದ್ಯೆ ಊರಿಗೆ ಸಂದರೆ ಅದು ದಾಸೋಹವಾಗುತ್ತದೆ.

ಗುರುಬಸವಣ್ಣನವರ ಕೃಪೆ ಎಲ್ಲರ ಮೇಲಿರಲಿ.